ಹಡೂಪ್ ಲಾಗಿನ್: ಎಲ್ಲವೂ ಎಡಿಯಲ್ಲೋ, ನಮ್ಮದೇ ಕೆಡಿಸಿಯೋ?

ಹಡೂಪ್ ಅಂದರೆ ದೊಡ್ಡ ಡೇಟಾವನ್ನು ಹಲವು ಮಷೀನ್‌ಗಳಿಗೆ ಹಂಚಿ ನಿಭಾಯಿಸುವ ಸಾಫ್ಟ್‌ವೇರ್. ನಮ್ಮ ಹಡೂಪ್ ಕ್ಲಸ್ಟರ್‌ನಲ್ಲಿ 12 ನೋಡ್‌ಗಳಿವೆ, ಅಂದರೆ 12 ಮಷೀನ್. ಬಳಸುವವರ ಖಾತೆಗಳೆಲ್ಲ ಮೈಕ್ರೋಸಾಫ್ಟ್‌ನ ಖಾತೆ ವ್ಯವಸ್ಥೆಯಾದ ಆಕ್ಟಿವ್ ಡೈರೆಕ್ಟರಿಯಲ್ಲಿ, ಅಂದರೆ ಎಡಿಯಲ್ಲಿ. ಅದೇ ಪಾಸ್‌ವರ್ಡ್‌ನಲ್ಲಿ ಅವರು ಕ್ಲಸ್ಟರ್‌ಗೂ ಬರಬೇಕಿತ್ತು. ಟಿಕೆಟ್ ಕೊಟ್ಟು ಗುರುತು ಖಾತ್ರಿಪಡಿಸುವ ಕರ್ಬೆರೋಸ್‌ನಲ್ಲಿ ಇದಕ್ಕಿರುವ ಎರಡು ದಾರಿಗಳನ್ನು ಮಾಡಿ ನೋಡಿದೆ.

ಮೊದಲನೆಯದು, ಎಲ್ಲವನ್ನೂ ಎಡಿಗೇ ಒಪ್ಪಿಸುವುದು. ಇನ್ನೊಂದು ರೆಲ್ಮ್ (ಕರ್ಬೆರೋಸ್‌ನ ಒಂದು ವ್ಯಾಪ್ತಿ) ಇಲ್ಲ, ರೆಲ್ಮ್‌ಗಳ ನಡುವೆ ಟ್ರಸ್ಟ್ ಇಲ್ಲ. ಸುಲಭ ಅನಿಸುತ್ತದೆ, ಅಲ್ವಾ? ಆದರೆ ಇಲ್ಲಿ ಪ್ರತಿ ಮಷೀನ್‌ನಲ್ಲಿ ಓಡುವ ಸರ್ವಿಸ್‌ಗಳಿಗೂ ಬೇರೆ ಬೇರೆ ಗುರುತು ಬೇಕು. ಡೇಟಾನೋಡ್, ನೋಡ್‌ಮ್ಯಾನೇಜರ್, ಎಚ್‌ಟಿಟಿಪಿ, ಇವಿಷ್ಟಕ್ಕೇ 12 ಮಷೀನ್‌ಗೆ 36 ಖಾತೆ. ಹೊಸ ನೋಡ್ ಸೇರಿಸಿದಾಗಲೆಲ್ಲ ಎಡಿ ನೋಡಿಕೊಳ್ಳುವವರ ಬಾಗಿಲು ತಟ್ಟಬೇಕು. ಪಾಸ್‌ವರ್ಡ್ ಅವಧಿಯ ನಿಯಮ ಆ ಖಾತೆಗಳಿಗೂ ತಗುಲಿದರೆ, ಅವಧಿ ಮುಗಿದ ದಿನ ಕೀಟ್ಯಾಬ್ (ಸರ್ವಿಸ್‌ನ ಕೀ ಇರುವ ಫೈಲ್) ಇದ್ದೂ ಸರ್ವಿಸ್ ಏಳುವುದಿಲ್ಲ.

ಎರಡನೆಯದು, ಕ್ಲಸ್ಟರ್‌ಗೆ ನಮ್ಮದೇ ಎಂಐಟಿ ಕರ್ಬೆರೋಸ್‌ನ ಕೆಡಿಸಿ, ಅಂದರೆ ಟಿಕೆಟ್ ಕೊಡುವ ಸರ್ವರ್. ಸರ್ವಿಸ್‌ಗಳು ನಮ್ಮ ರೆಲ್ಮ್‌ನಲ್ಲಿ, ಜನ ಎಡಿಯಲ್ಲಿ, ನಡುವೆ ಒಂದೇ ದಿಕ್ಕಿನ ಟ್ರಸ್ಟ್. ನಾವು ಎಡಿಯನ್ನು ನಂಬುತ್ತೇವೆ, ಎಡಿ ನಮ್ಮನ್ನು ನಂಬಬೇಕಿಲ್ಲ. ಭದ್ರತೆಯವರು ತಕ್ಷಣ ಒಪ್ಪಿದ್ದು ಈ ಮಾತಿಗೇ.

ಟ್ರಸ್ಟ್ ಅಂದರೆ ಎರಡೂ ಕಡೆ ಒಂದೇ ಪಾಸ್‌ವರ್ಡ್‌ನಿಂದ ಮಾಡಿದ ಒಂದು ಹಂಚಿಕೆಯ ಕೀ. ಇಲ್ಲಿ ನನ್ನ ಎರಡು ದಿನ ಹೋಯಿತು. ಟಿಕೆಟ್ ಪಡೆಯುವ ಕೆಇನಿಟ್ ಕಮಾಂಡ್ ಸರಾಗವಾಗಿ ಆಗುತ್ತಿತ್ತು. ಹಡೂಪ್‌ನ ಫೈಲ್ ಸಿಸ್ಟಮ್ ಆದ ಎಚ್‌ಡಿಎಫ್‌ಎಸ್ ಮುಟ್ಟಿದರೆ ಎನ್‌ಕ್ರಿಪ್ಷನ್ ಬಗೆ ಹೊಂದುತ್ತಿಲ್ಲ ಎಂಬ ಎರರ್. ನಮ್ಮ ಕಡೆ ಇದ್ದದ್ದು ಎಇಎಸ್ 256 ಎಂಬ ಎನ್‌ಕ್ರಿಪ್ಷನ್ ಬಗೆಯ ಕೀ ಮಾತ್ರ. ವಿಂಡೋಸ್ ಕಡೆ ಆ ಟ್ರಸ್ಟ್‌ಗೆ ಎಇಎಸ್ ಆನ್ ಮಾಡುವುದನ್ನು ನಾನು ಬಿಟ್ಟಿದ್ದೆ. ಟ್ರಸ್ಟ್‌ನ ಪ್ರಾಪರ್ಟೀಸ್‌ನಲ್ಲಿ ಅದಕ್ಕೊಂದು ಟಿಕ್ ಇದೆ, ಮೊದಲು ಅದನ್ನು ಹಾಕಿ. ಕರ್ಬೆರೋಸ್ ಟ್ರೇಸ್ (ಹಂತಹಂತದ ಲಾಗ್) ಆನ್ ಮಾಡದೆ ಇಂಥದ್ದನ್ನು ಸುಮ್ನೆ ಊಹಿಸುತ್ತಾ ಕೂರಬೇಡಿ.

ಆಮೇಲೆ ಹೆಸರಿನ ಕೆಲಸ. ಎಡಿ ರೆಲ್ಮ್‌ನಿಂದ ಬಂದ ಹೆಸರನ್ನು ಬರೀ ಯೂಸರ್ ಹೆಸರಾಗಿ ಮಾಡಲು ಹಡೂಪ್‌ಗೆ ಆಥ್-ಟು-ಲೋಕಲ್ ನಿಯಮ ಬರೆಯಬೇಕು. ಎಲ್ಲರೂ ಬರೆಯುವ ನಿಯಮ ರೆಲ್ಮ್ ಭಾಗವನ್ನು ಕತ್ತರಿಸಿ ಬಿಡುತ್ತದೆ. ಯೋಚಿಸಿ: ಎಡಿಯಲ್ಲಿ ಯಾರಾದರೂ ‘ಎಚ್‌ಡಿಎಫ್‌ಎಸ್’ ಅಂತ ಖಾತೆ ಮಾಡಿಕೊಂಡರೆ? ಸಾಮಾನ್ಯವಾಗಿ ಕ್ಲಸ್ಟರ್‌ನ ಸೂಪರ್‌ಯೂಸರ್ ಹೆಸರೂ ಅದೇ. ಅವರ ಕೈಗೆ ಇಡೀ ಡೇಟಾ! ಇದು ಹೊಳೆದಾಗ ನನಗೆ ನಿಜಕ್ಕೂ ಭಯವಾಯಿತು. ಎಚ್‌ಡಿಎಫ್‌ಎಸ್, ಯಾರ್ನ್, ಹೈವ್ ಎಂಬ ಸರ್ವಿಸ್ ಹೆಸರುಗಳು ಎಡಿ ಕಡೆಯಿಂದ ಬಂದರೆ ಬೇರೆ ಹೆಸರಿಗೆ ತಿರುಗಿಸುವ ನಿಯಮವನ್ನು ಎಲ್ಲಕ್ಕಿಂತ ಮೇಲೆ ಬರೆದೆ. ಮೊದಲು ಹೊಂದಿದ ನಿಯಮವೇ ನಡೆಯುವುದರಿಂದ ಸಾಲಿನ ಕ್ರಮ ಮುಖ್ಯ. ಬರೆದದ್ದನ್ನು ಹಡೂಪ್‌ನ ಕರ್ಬ್‌ನೇಮ್ ಕಮಾಂಡ್‌ನಲ್ಲಿ ಪರೀಕ್ಷಿಸಬಹುದು.

ಖಾತೆ, ಕೆಡಿಸಿ ಎಲ್ಲವನ್ನೂ ಒಟ್ಟಿಗೆ ಕೊಡುವ ಫ್ರೀಐಪಿಎ ಕೂಡ ಇದೆ. ನಮಗೆ ಅಷ್ಟು ದೊಡ್ಡದು ಬೇಕಿರಲಿಲ್ಲ, ಕೈ ಹಾಕಲಿಲ್ಲ.

ನಾನು ಎರಡನೆಯ ದಾರಿಯನ್ನೇ ಇಟ್ಟುಕೊಂಡೆ. ಕೆಲಸ ಜಾಸ್ತಿ, ನಿಜ. ನಮ್ಮ ಕೆಡಿಸಿ ಬಿದ್ದರೆ ಎಡಿ ಚೆನ್ನಾಗಿದ್ದರೂ ಹೊಸದಾಗಿ ಯಾರೂ ಒಳಗೆ ಬರಲಾರರು. ಅದಕ್ಕೆ ಇನ್ನೊಂದು ಕೆಡಿಸಿ ಇಟ್ಟು ಡೇಟಾಬೇಸ್ ನಕಲು ಕಳಿಸುತ್ತೇನೆ. ಮಷೀನ್‌ಗಳ ಗಡಿಯಾರಗಳು 5 ನಿಮಿಷಕ್ಕಿಂತ ಹೆಚ್ಚು ಆಚೀಚೆ ಆದರೆ ಸಾಮಾನ್ಯವಾಗಿ ಕರ್ಬೆರೋಸ್ ಒಪ್ಪುವುದಿಲ್ಲ, ಹಾಗಾಗದಂತೆ ಸಮಯ ಹೊಂದಿಸುವ ಎನ್‌ಟಿಪಿ ಇದೆ. ಆದರೆ ಹೊಸ ನೋಡ್ ಬಂದರೆ ಈಗ ಯಾರನ್ನೂ ಕೇಳಬೇಕಿಲ್ಲ. ನಾಲ್ಕೈದು ನೋಡ್ ಅಷ್ಟೇ ಇದ್ದು, ಎಡಿಯವರು ಪಕ್ಕದ ಮೇಜಿನಲ್ಲೇ ಕೂರುವಂತಿದ್ದರೆ ಮಾತ್ರ ಮೊದಲನೆಯದನ್ನು ಆರಿಸುತ್ತಿದ್ದೆ.