ನ್ಯೂಯಾರ್ಕ್ ನಗರದಲ್ಲಿ ಕಿಂಡರ್‌ಗಾರ್ಟನ್: ಝೋನ್ ಶಾಲೆಯೋ, ಚಾರ್ಟರ್ ಶಾಲೆಯೋ?

ಎರಡೂ ಸಾರ್ವಜನಿಕ ಶಾಲೆಗಳೇ. ಎರಡರಲ್ಲೂ ಶುಲ್ಕವಿಲ್ಲ. ಚಾರ್ಟರ್ ಎಂದರೆ ಖಾಸಗಿ ಎಂದುಕೊಂಡು ಅರ್ಜಿಯನ್ನೇ ಹಾಕದ ತಂದೆತಾಯಿ ಇದ್ದಾರೆ. ಚಾರ್ಟರ್ ಎಂದ ಮೇಲೆ ಚೆನ್ನಾಗಿಯೇ ಇರುತ್ತದೆ ಎಂದು ನಂಬಿ, ಮನೆ ಪಕ್ಕದ ಶಾಲೆಯ ಬಾಗಿಲನ್ನೂ ತಟ್ಟದವರೂ ಇದ್ದಾರೆ. ಝೋನ್ ಶಾಲೆಯನ್ನು ನಗರದ ಶಿಕ್ಷಣ ಇಲಾಖೆ ನಡೆಸುತ್ತದೆ. ಮನೆಯ ವಿಳಾಸ ನೋಡಿ ಸೀಟು ಕೊಡುತ್ತದೆ. ಚಾರ್ಟರ್ ಶಾಲೆಗಳು 1998ರ ರಾಜ್ಯ ಕಾನೂನಿನಿಂದ ಬಂದವು. ಹಣ ಸರ್ಕಾರದ್ದು, ಆಡಳಿತ ಸ್ವಂತ ಟ್ರಸ್ಟಿ ಮಂಡಳಿಯದು, ಸೀಟು ಲಾಟರಿಯಿಂದ. ಪರವಾನಗಿಯನ್ನು ಹೆಚ್ಚೆಂದರೆ ಐದು ವರ್ಷಕ್ಕೆ ಕೊಡುತ್ತಾರೆ. ನವೀಕರಣವಾಗದಿದ್ದರೆ ಶಾಲೆ ಮುಚ್ಚುತ್ತದೆ.

ನಮ್ಮ ತೀರ್ಮಾನ ಮೊದಲೇ ಹೇಳುತ್ತೇವೆ. ಹೆಚ್ಚಿನ ಮನೆಗಳಿಗೆ ಝೋನ್ ಶಾಲೆಯಿಂದ ಶುರುಮಾಡುವುದೇ ಸರಿ. ಅಲ್ಲಿ ಓದು ಕಲಿಸುವ ಕೆಲಸ ಕುಂಟುತ್ತಿದ್ದು, ಹತ್ತಿರದ ಚಾರ್ಟರ್‌ನಲ್ಲಿ ಸೇರಿದ ಮಕ್ಕಳು ಬಿಟ್ಟುಹೋಗದೆ ಮೇಲಿನ ತರಗತಿವರೆಗೆ ಉಳಿಯುತ್ತಿದ್ದರೆ ಚಾರ್ಟರ್ ಆರಿಸಿಕೊಳ್ಳಿ. ಈ ಎರಡು ಸಂಗತಿಗಳನ್ನು ಪತ್ತೆಮಾಡುವುದು ಹೇಗೆ ಎನ್ನುವುದರಲ್ಲೇ ಹೋಲಿಕೆಯ ಮುಕ್ಕಾಲು ಪಾಲು ಮುಗಿಯುತ್ತದೆ.

ಸೀಟು ಸಿಗುವ ಬಗೆ

ಇಲ್ಲಿ ವಯಸ್ಸಿನ ಲೆಕ್ಕ ಕ್ಯಾಲೆಂಡರ್ ವರ್ಷದ್ದು. ಮಗುವಿಗೆ ಯಾವ ವರ್ಷ ಐದು ತುಂಬುತ್ತದೋ ಆ ವರ್ಷದ ಸೆಪ್ಟೆಂಬರ್‌ನಲ್ಲಿ ಕಿಂಡರ್‌ಗಾರ್ಟನ್. ಡಿಸೆಂಬರ್ ಕೊನೆಯಲ್ಲಿ ಹುಟ್ಟಿದ ಮಗು ನಾಲ್ಕು ವರ್ಷ ಎಂಟು ತಿಂಗಳಿಗೇ ಹೊರಡಬೇಕು. ಕರ್ನಾಟಕದ ಜೂನ್ ಒಂದರ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು ಬಂದವರು ಎಡವುವುದು ಇಲ್ಲೇ. ಇನ್ನೊಂದು ವರ್ಷ ಮನೆಯಲ್ಲಿರಲಿ ಎಂದು ಬಿಟ್ಟರೆ ಇಲಾಖೆಯ ಶಾಲೆ ಮರುವರ್ಷ ನೇರವಾಗಿ ಒಂದನೇ ತರಗತಿಗೆ ಹಾಕುತ್ತದೆ.

ಝೋನ್ ಶಾಲೆಗೆ ಮೈಸ್ಕೂಲ್ಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಅರ್ಜಿ. ಚಳಿಗಾಲದಲ್ಲಿ ತೆರೆದು ಸಾಮಾನ್ಯವಾಗಿ ಜನವರಿ ಮುಗಿಯುವ ಹೊತ್ತಿಗೆ ಮುಚ್ಚುತ್ತದೆ. ಹನ್ನೆರಡು ಶಾಲೆಗಳವರೆಗೆ ಬರೆಯಬಹುದು. ನಿಜವಾಗಿ ಯಾವುದು ಇಷ್ಟವೋ ಅದೇ ಕ್ರಮದಲ್ಲಿ ಬರೆಯಿರಿ. ‘ಮೊದಲ ಆಯ್ಕೆ ಬರೆದವರಿಗೆ ಶಾಲೆ ಆದ್ಯತೆ ಕೊಡುತ್ತದೆ’ ಎನ್ನುವುದು ಬರೀ ಗಾಳಿಮಾತು. ಒಂದು ಶಾಲೆ ಸಿಕ್ಕಿದರೆ ಅದಕ್ಕಿಂತ ಮೇಲೆ ಬರೆದ ಶಾಲೆಗಳ ವೇಟ್‌ಲಿಸ್ಟ್‌ಗೆ ಹೆಸರು ತಾನಾಗಿ ಹೋಗುತ್ತದೆ, ಕೆಳಗಿನವು ಬಿದ್ದುಹೋಗುತ್ತವೆ. ದೊಡ್ಡ ತಪ್ಪೆಂದರೆ ಝೋನ್ ಶಾಲೆಯನ್ನು ಪಟ್ಟಿಯಲ್ಲೇ ಬರೆಯದಿರುವುದು. ಕೊನೆಯ ಸಾಲಿನಲ್ಲಾದರೂ ಅದು ಇರಲಿ. ನಿಮ್ಮ ಝೋನ್ ಯಾವುದು ಎಂದು ಇಲಾಖೆಯ ವೆಬ್‌ಸೈಟಿನಲ್ಲಿ ವಿಳಾಸ ಹಾಕಿ ನೋಡಬಹುದು, ಇಲ್ಲವೇ ನಗರದ ಸಹಾಯವಾಣಿ 311ಕ್ಕೆ ಕರೆ ಮಾಡಬಹುದು. ನಗರದ ಕ್ವೀನ್ಸ್ ಭಾಗದಂಥ ಕಡೆ ಒಂದೇ ರಸ್ತೆಯ ಎರಡು ಬದಿಗಳು ಬೇರೆ ಬೇರೆ ಝೋನ್‌ಗೆ ಸೇರಿರಬಹುದು. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ಮನೆ ನಂಬರು ಹಾಕಿ ನೋಡಿ. ನಗರದ 32 ಶಾಲಾ ಡಿಸ್ಟ್ರಿಕ್ಟ್‌ಗಳಲ್ಲಿ 1, 7 ಮತ್ತು 23ರಲ್ಲಿ ಪ್ರಾಥಮಿಕ ಝೋನ್‌ಗಳೇ ಇಲ್ಲ. ಅಲ್ಲಿ ಎಲ್ಲವೂ ಆಯ್ಕೆಯ ಮೇಲೆ ನಡೆಯುತ್ತದೆ.

ನೋಂದಣಿಗೆ ವಿಳಾಸದ ಎರಡು ದಾಖಲೆ ಬೇಕು. ವಿದ್ಯುತ್ ಅಥವಾ ಗ್ಯಾಸ್ ಬಿಲ್ ಕೊಡುವುದಾದರೆ ಅದು ಕಳೆದ 60 ದಿನಗಳೊಳಗಿನದಾಗಿರಬೇಕು. ಇನ್ನು ಲಸಿಕೆ. ಭಾರತದ ಸರ್ಕಾರಿ ವೇಳಾಪಟ್ಟಿಯಲ್ಲಿ ಹಾಕಿಸಿಕೊಂಡ ಮಗುವಿಗೆ ದಡಾರ ಮತ್ತು ರುಬೆಲ್ಲಾದ ಎಂಆರ್ ಸಿಕ್ಕಿರುತ್ತದೆ, ಮಂಗನಬಾವಿನ ಲಸಿಕೆ ಇರುವುದಿಲ್ಲ. ಚಿಕನ್‌ಪಾಕ್ಸ್‌ದೂ ಇರುವುದಿಲ್ಲ. ಇಲ್ಲಿ ಮಂಗನಬಾವೂ ಸೇರಿದ ಎಂಎಂಆರ್ ಎರಡು, ಚಿಕನ್‌ಪಾಕ್ಸ್ ಎರಡು ಡೋಸ್ ಕೇಳುತ್ತಾರೆ. ಎರಡು ಡೋಸ್‌ಗಳ ನಡುವೆ ವಾರಗಟ್ಟಲೆ ಅಂತರ ಬೇಕಾದ್ದರಿಂದ ಆಗಸ್ಟ್‌ವರೆಗೆ ಕಾಯಬೇಡಿ. ಧಾರ್ಮಿಕ ಕಾರಣದ ವಿನಾಯಿತಿಯನ್ನು ರಾಜ್ಯ 2019ರಲ್ಲೇ ತೆಗೆದುಹಾಕಿದೆ. ಈ ನಿಯಮ ಎರಡೂ ಬಗೆಯ ಶಾಲೆಗೆ ಒಂದೇ.

ಚಾರ್ಟರ್‌ಗೆ ಅರ್ಜಿಯೇ ಬೇರೆ. ಮೈಸ್ಕೂಲ್ಸ್‌ನಲ್ಲಿ ಅದು ಬರುವುದಿಲ್ಲ. ಸಾಮಾನ್ಯವಾಗಿ ಕೊನೆಯ ದಿನ ಏಪ್ರಿಲ್ 1, ಲಾಟರಿ ಅದೇ ತಿಂಗಳು. ಈಗಾಗಲೇ ಓದುತ್ತಿರುವವರ ತಮ್ಮ ತಂಗಿಯರಿಗೆ, ಆ ಡಿಸ್ಟ್ರಿಕ್ಟ್‌ನಲ್ಲಿ ವಾಸವಿರುವವರಿಗೆ ಕಾನೂನಿನ ಪ್ರಕಾರ ಆದ್ಯತೆ. ಡಿಸ್ಟ್ರಿಕ್ಟ್ ಹೊರಗಿನ ಹೆಸರಾಂತ ಶಾಲೆಗೆ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯುವುದಕ್ಕಿಂತ ನಿಮ್ಮದೇ ಡಿಸ್ಟ್ರಿಕ್ಟ್‌ನ ಮೂರು ನಾಲ್ಕಕ್ಕೆ ಹಾಕುವುದು ಮೇಲು. ಬೆಂಗಳೂರಿನಿಂದ ನವೆಂಬರ್‌ನಲ್ಲೋ ಫೆಬ್ರವರಿಯಲ್ಲೋ ವರ್ಗವಾಗಿ ಬರುವ ಕುಟುಂಬಕ್ಕೆ ಆಯ್ಕೆಯೇ ಇರುವುದಿಲ್ಲ ಎನ್ನಬಹುದು. ಇಲಾಖೆ ವರ್ಷದ ಮಧ್ಯದಲ್ಲೂ ಸೀಟು ಕೊಡಲೇಬೇಕು, ಝೋನ್ ಶಾಲೆ ತುಂಬಿದ್ದರೆ ಬೇರೆ ಶಾಲೆಯಲ್ಲಾದರೂ. ಚಾರ್ಟರ್‌ನಲ್ಲಿ ವೇಟ್‌ಲಿಸ್ಟ್ ಒಂದೇ ದಾರಿ.

ತರಗತಿಯ ಒಳಗೆ

ಝೋನ್ ಶಾಲೆಗಳಲ್ಲಿ ಓದಿನ ಪಠ್ಯಕ್ರಮ ಈಗ ಪ್ರಿನ್ಸಿಪಾಲರ ಇಷ್ಟಕ್ಕೆ ಬಿಟ್ಟದ್ದಲ್ಲ. 2023ರಲ್ಲಿ ಶುರುವಾದ ‘ಎನ್‌ವೈಸಿ ರೀಡ್ಸ್’ ಯೋಜನೆಯಂತೆ ಪ್ರತಿ ಡಿಸ್ಟ್ರಿಕ್ಟ್ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಯಿತು: ಇನ್‌ಟು ರೀಡಿಂಗ್, ವಿಟ್ ಅಂಡ್ ವಿಸ್ಡಮ್, ಇಎಲ್ ಎಜುಕೇಶನ್. ಪುಸ್ತಕ ಒಂದೇ ಆದರೂ ಕಲಿಸುವ ಕೈ ಒಂದೇ ಅಲ್ಲ. ಶಾಲೆ ನೋಡಲು ಹೋದಾಗ ಗೋಡೆಯ ಬಣ್ಣದ ಚಿತ್ರಗಳ ಮುಂದೆ ನಿಲ್ಲಬೇಡಿ. ಒಂದನೇ ತರಗತಿಯ ಫೋನಿಕ್ಸ್, ಅಂದರೆ ಅಕ್ಷರಕ್ಕೆ ಧ್ವನಿ ಹೊಂದಿಸಿ ಓದುವ ಪಾಠ ನಡೆಯುವ ಹೊತ್ತಿಗೆ ಹೋಗಲು ಅನುಮತಿ ಕೇಳಿ. ಮಗು ಗೊತ್ತಿಲ್ಲದ ಪದಕ್ಕೆ ಬಂದು ನಿಂತಾಗ ಶಿಕ್ಷಕಿ ಏನು ಹೇಳುತ್ತಾರೆ, ಗಮನಿಸಿ. ‘ಅಕ್ಷರ ಕೂಡಿಸಿ ಓದು’ ಎಂದರೆ ಒಳ್ಳೆಯದು. ‘ಚಿತ್ರ ನೋಡಿ ಊಹಿಸು’ ಎಂದರೆ ಹಳೆಯ ರೂಢಿ ಹೋಗಿಲ್ಲ ಎಂದರ್ಥ. ಹಾಗೆ ಕಲಿತ ಮಗುವಿನ ತೊಂದರೆ ಎರಡನೇ ತರಗತಿವರೆಗೆ ಕಾಣುವುದಿಲ್ಲ. ಚಿತ್ರಗಳಿಲ್ಲದ ಪುಸ್ತಕ ಮೂರನೆಯದರಲ್ಲಿ ಕೈಗೆ ಬಂದಾಗ ಒಮ್ಮೆಲೇ ಹೊರಬೀಳುತ್ತದೆ.

ಚಾರ್ಟರ್ ತನ್ನ ಪಠ್ಯಕ್ರಮವನ್ನು ತಾನೇ ಆರಿಸುತ್ತದೆ. ಚೆನ್ನಾಗಿ ನಡೆಯುವ ಕಡೆ ಶಿಕ್ಷಕರ ಪಾಠವನ್ನು ವಾರವಾರ ಯಾರಾದರೂ ಕೂತು ನೋಡಿ ತಿದ್ದುತ್ತಾರೆ, ಹಿಂದುಳಿದ ಮಕ್ಕಳಿಗೆ ಸಣ್ಣ ಗುಂಪಿನಲ್ಲಿ ದಿನವೂ ಪಾಠ ಹೇಳುತ್ತಾರೆ. ವಿಲ್ ಡಾಬಿ ಮತ್ತು ರೋಲಂಡ್ ಫ್ರಾಯರ್ ಎಂಬ ಅರ್ಥಶಾಸ್ತ್ರಜ್ಞರು ಇದೇ ನಗರದ 39 ಚಾರ್ಟರ್ ಶಾಲೆಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರಿಣಾಮಕಾರಿ ಎಂದು ಕಂಡದ್ದೂ ಇವೇ: ಶಿಕ್ಷಕರಿಗೆ ಪದೇ ಪದೇ ಸಲಹೆ, ಅಂಕಿಅಂಶ ನೋಡಿ ಪಾಠ ಬದಲಿಸುವುದು, ಒತ್ತಾದ ಟ್ಯೂಷನ್, ಹೆಚ್ಚು ಪಾಠದ ಸಮಯ, ಮಕ್ಕಳ ಮೇಲೆ ದೊಡ್ಡ ನಿರೀಕ್ಷೆ. ಆದ್ದರಿಂದ ಚಾರ್ಟರ್‌ನಲ್ಲಿ ಕೇಳಬೇಕಾದ ಪ್ರಶ್ನೆ ‘ನಿಮ್ಮ ಸಿದ್ಧಾಂತವೇನು’ ಎಂದಲ್ಲ. ‘ಹೊಸ ಶಿಕ್ಷಕಿಯ ತರಗತಿಗೆ ತಿಂಗಳಿಗೆ ಎಷ್ಟು ಸಲ ಯಾರು ಬಂದು ಕೂರುತ್ತಾರೆ? ಕಳೆದ ವರ್ಷದ ಕಿಂಡರ್‌ಗಾರ್ಟನ್ ಶಿಕ್ಷಕರಲ್ಲಿ ಎಷ್ಟು ಮಂದಿ ಈ ವರ್ಷವೂ ಇದ್ದಾರೆ?’ ಎರಡನೆಯ ಪ್ರಶ್ನೆಗೆ ಹಾರಿಕೆಯ ಉತ್ತರ ಬಂದರೆ ಎಚ್ಚರ.

ತರಗತಿಯ ಗಾತ್ರದಲ್ಲಿ ಝೋನ್ ಶಾಲೆಗೆ ಕಾನೂನಿನ ಬಲವಿದೆ. 2022ರ ರಾಜ್ಯ ಕಾನೂನು ಕಿಂಡರ್‌ಗಾರ್ಟನ್‌ನಿಂದ ಮೂರನೆಯವರೆಗೆ 20, ನಾಲ್ಕರಿಂದ ಎಂಟರವರೆಗೆ 23 ಮಕ್ಕಳ ಮಿತಿ ಹಾಕಿ, 2028ರೊಳಗೆ ಹಂತಹಂತವಾಗಿ ಜಾರಿಯಾಗಬೇಕು ಎಂದಿದೆ. ಇದು ಚಾರ್ಟರ್‌ಗೆ ಅನ್ವಯಿಸುವುದಿಲ್ಲ. ಚಾರ್ಟರ್‌ನಲ್ಲಿ ಇಪ್ಪತ್ತೆಂಟು ಮಕ್ಕಳಿಗೆ ಇಬ್ಬರು ಶಿಕ್ಷಕರು ಇರಬಹುದು. ಬರೀ ಮಕ್ಕಳನ್ನು ಎಣಿಸಬೇಡಿ, ದಿನವಿಡೀ ಕೋಣೆಯಲ್ಲಿರುವ ದೊಡ್ಡವರನ್ನೂ ಎಣಿಸಿ.

ಶಿಸ್ತಿನ ವಿಷಯದಲ್ಲಿ ಅಂತರ ದೊಡ್ಡದು. ಕೆಲವು ಚಾರ್ಟರ್‌ಗಳಲ್ಲಿ ಕಾರಿಡಾರ್‌ನಲ್ಲಿ ಸದ್ದಿಲ್ಲದೆ ಸಾಲಾಗಿ ನಡೆಯಬೇಕು, ಕೈಕಟ್ಟಿ ಕೂರಬೇಕು, ಯೂನಿಫಾರಂನಲ್ಲಿ ಕಾಲುಚೀಲದ ಬಣ್ಣವೂ ಗೊತ್ತುಮಾಡಿರುತ್ತದೆ. ಊರಿನ ಶಾಲೆಗಳನ್ನು ಕಂಡ ನಮಗೆ ಇದು ಹಿತವೆನಿಸುವುದು ಸಹಜ. ಆದರೆ ಚಡಪಡಿಸುವ ಐದು ವರ್ಷದ ಮಗುವಿಗೆ ಇದು ದಿನವೂ ಸೋಲು. ಶಾಲೆಯ ಶಿಸ್ತು ನಿಯಮಾವಳಿಯನ್ನು ಲಿಖಿತವಾಗಿ ಪಡೆದು ಓದಿ. ‘ಮಗುವನ್ನು ಬೇಗ ಕರೆದುಕೊಂಡು ಹೋಗಿ’ ಎಂದು ವರ್ಷಕ್ಕೆ ಎಷ್ಟು ಸಲ ಕರೆ ಬರುತ್ತದೆ ಎಂದು ಈಗಿನ ತಂದೆತಾಯಿಯನ್ನೇ ಗೇಟಿನ ಬಳಿ ಕೇಳಿ. ಅಂಥ ಕರೆಗಳು ಸಸ್ಪೆನ್ಷನ್ ಲೆಕ್ಕದಲ್ಲಿ ಬರುವುದೇ ಇಲ್ಲ.

ಅಂಕಿಗಳನ್ನು ಓದುವುದು

ರಾಜ್ಯದ ಪರೀಕ್ಷೆ ಮೂರರಿಂದ ಎಂಟನೆಯವರೆಗೆ, ಇಂಗ್ಲಿಷ್ ಮತ್ತು ಗಣಿತದಲ್ಲಿ. 1ರಿಂದ 4ರ ಮಟ್ಟಗಳಲ್ಲಿ 3 ಮತ್ತು 4 ಬಂದರೆ ಪಾಸು ಎಂಬಂತೆ. ಈ ಶೇಕಡಾವನ್ನು ನೋಡಿಯೇ ಜನ ಶಾಲೆ ಆರಿಸುತ್ತಾರೆ, ಮೋಸ ಹೋಗುವುದೂ ಇಲ್ಲೇ.

ಲೆಕ್ಕ ಹಾಕಿ ನೋಡಿ. ನೂರು ಮಕ್ಕಳಲ್ಲಿ 60 ಪಾಸಾದರೆ ಶೇ. 60. ಅದೇ ಶಾಲೆಯಿಂದ ಪರೀಕ್ಷೆಗೆ ಮೊದಲು 25 ಮಕ್ಕಳು ಬಿಟ್ಟು ಹೋದರು, ಅವರಲ್ಲಿ 20 ಮಂದಿ ಹಿಂದುಳಿದವರು, ಖಾಲಿಯಾದ ಸೀಟಿಗೆ ಹೊಸಬರನ್ನು ಸೇರಿಸಿಕೊಳ್ಳಲಿಲ್ಲ ಎಂದುಕೊಳ್ಳಿ. ಈಗ 75ರಲ್ಲಿ 55 ಪಾಸು, ಶೇ. 73. ಯಾವ ಮಗುವೂ ಒಂದಕ್ಷರ ಹೆಚ್ಚು ಕಲಿತಿಲ್ಲ.

ಇದನ್ನು ಮನೆಯಲ್ಲೇ ಕೂತು ಪರೀಕ್ಷಿಸಬಹುದು. ರಾಜ್ಯ ಶಿಕ್ಷಣ ಇಲಾಖೆಯ ದತ್ತಾಂಶ ತಾಣದಲ್ಲಿ ಪ್ರತಿ ಶಾಲೆಯ ತರಗತಿವಾರು ಸಂಖ್ಯೆ ವರ್ಷ ವರ್ಷಕ್ಕೆ ಸಿಗುತ್ತದೆ. ಒಂದು ವರ್ಷದ ಕಿಂಡರ್‌ಗಾರ್ಟನ್ ಸಂಖ್ಯೆ ಬರೆದುಕೊಳ್ಳಿ, ಮರುವರ್ಷದ ಒಂದನೆಯದು, ಅದರ ಮರುವರ್ಷದ ಎರಡನೆಯದು, ಹೀಗೆ ನಾಲ್ಕನೆಯವರೆಗೆ ಓರೆಯಾಗಿ ಇಳಿಯಿರಿ. 90 ಇದ್ದದ್ದು 84 ಆದರೆ ನಗರದಲ್ಲಿ ಮನೆ ಬದಲಿಸುವವರ ಲೆಕ್ಕ ಅಷ್ಟೇ. 90 ಇದ್ದದ್ದು 55 ಆದರೆ ಕಾರಣ ಕೇಳಲೇಬೇಕು. ಒಂದೇ ಬ್ಯಾಚ್ ನೋಡಿ ತೀರ್ಮಾನಿಸಬೇಡಿ, ಮೂರು ಬ್ಯಾಚ್ ನೋಡಿ. ಪಕ್ಕದ ಝೋನ್ ಶಾಲೆಗೂ ಇದೇ ಲೆಕ್ಕ ಹಾಕಿ, ಏಕೆಂದರೆ ಅಲ್ಲೂ ಮಕ್ಕಳು ಬಿಡುತ್ತಾರೆ. ಬಿಟ್ಟ ಜಾಗಕ್ಕೆ ಹೊಸಬರು ಬರುತ್ತಾರೆ ಅಷ್ಟೇ. ಚಾರ್ಟರ್‌ಗೆ ‘ಯಾವ ತರಗತಿವರೆಗೆ ವೇಟ್‌ಲಿಸ್ಟ್‌ನಿಂದ ಸೇರಿಸಿಕೊಳ್ಳುತ್ತೀರಿ’ ಎಂದು ನೇರ ಕೇಳಿ. ನಾಲ್ಕು ಐದನೆಯವರೆಗೂ ಸೇರಿಸಿಕೊಂಡು ಒಳ್ಳೆಯ ಫಲಿತಾಂಶ ಕೊಡುವ ಚಾರ್ಟರ್ ಇದ್ದರೆ ಅದು ನಿಜಕ್ಕೂ ಗಟ್ಟಿ ಶಾಲೆ.

ಇನ್ನೊಂದು ಕಡತವನ್ನು ಓದುವವರೇ ಕಡಿಮೆ: ಚಾರ್ಟರ್‌ನ ನವೀಕರಣ ವರದಿ. ಪರವಾನಗಿ ಕೊಡುವ ಸುನಿ (ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯ) ಸಂಸ್ಥೆ ಅಥವಾ ರಾಜ್ಯದ ರೀಜೆಂಟ್ಸ್ ಮಂಡಳಿಯ ಕಡೆಯವರು ತರಗತಿಗಳಿಗೆ ಹೋಗಿ ಕಂಡದ್ದು ಅದರಲ್ಲಿರುತ್ತದೆ. ಪೂರ್ತಿ ಐದು ವರ್ಷಕ್ಕೆ ನವೀಕರಿಸದೆ ಕಡಿಮೆ ಅವಧಿ ಕೊಟ್ಟಿದ್ದರೆ ಕಾರಣವೂ ಅಲ್ಲೇ ಇರುತ್ತದೆ.

ವಿಶೇಷ ನೆರವು ಬೇಕಾದ ಮಗು, ಮನೆಯಲ್ಲಿ ಕನ್ನಡ ಆಡುವ ಮಗು

ಐಇಪಿ, ಅಂದರೆ ಮಗುವಿಗೆ ಬೇಕಾದ ವಿಶೇಷ ನೆರವಿನ ಲಿಖಿತ ಯೋಜನೆ, ಇರುವ ಮಗುವಿಗೆ ನಮ್ಮ ಸಲಹೆ ಸ್ಪಷ್ಟ. ಎಲ್ಲ ಮಕ್ಕಳೂ ಒಟ್ಟಿಗೆ ಕೂರುವ, ಇಬ್ಬರು ಶಿಕ್ಷಕರ ಐಸಿಟಿ ತರಗತಿ ಸಾಕಾಗುವುದಾದರೆ ಎರಡೂ ಕಡೆ ನೋಡಿ. ಹನ್ನೆರಡು ಮಕ್ಕಳ ಪ್ರತ್ಯೇಕ ತರಗತಿ ಬೇಕಿದ್ದರೆ ಇಲಾಖೆಯ ಶಾಲೆಯಲ್ಲೇ ಹುಡುಕಿ. ಚಾರ್ಟರ್‌ಗಳಲ್ಲಿ ಅದು ವಿರಳ. ಚಾರ್ಟರ್‌ಗೆ ಹೋದರೂ ಐಇಪಿ ಬರೆಯುವುದು ಇಲಾಖೆಯ ಸಮಿತಿಯೇ. ಶಾಲೆಯವರು ‘ಇದು ನಮ್ಮಲ್ಲಿ ಇಲ್ಲ, ಐಇಪಿ ತಿದ್ದಿಸಿಕೊಂಡು ಬನ್ನಿ’ ಎಂದರೆ ಒಪ್ಪಬೇಡಿ.

ಸೇರಿಸುವಾಗ ಮನೆಭಾಷೆಯ ನಮೂನೆ ತುಂಬಿಸುತ್ತಾರೆ. ಅಲ್ಲಿ ‘ಕನ್ನಡ’ ಎಂದು ಬರೆದರೆ ಮಗುವನ್ನು ಹಿಂದೆ ಹಾಕುತ್ತಾರೆ ಎಂಬ ಭಯದಿಂದ ‘ಇಂಗ್ಲಿಷ್’ ಎಂದು ಬರೆಯುವವರಿದ್ದಾರೆ. ನಿಜವನ್ನೇ ಬರೆಯಿರಿ. ಶಾಲೆಯವರು ಮಗುವಿನ ಜೊತೆ ಮಾತಾಡಿ, ಬೇಕೆನಿಸಿದರೆ ಮಾತ್ರ ಎನ್‌ವೈಎಸ್‌ಐಟೆಲ್ ಎಂಬ ಇಂಗ್ಲಿಷ್ ಪರೀಕ್ಷೆ ಕೊಡುತ್ತಾರೆ. ಇಂಗ್ಲಿಷ್ ಸಾಲದಿದ್ದರೆ ಇಎನ್‌ಎಲ್ (ಹೊಸ ಭಾಷೆಯಾಗಿ ಇಂಗ್ಲಿಷ್ ಕಲಿಸುವ) ಶಿಕ್ಷಕಿಯ ನೆರವು ಸಿಗುತ್ತದೆ. ಊರಿನಿಂದ ಈಗಷ್ಟೇ ಬಂದ ಮಗುವಿಗೆ ಅದು ದೊಡ್ಡ ಆಸರೆ. ಚಾರ್ಟರ್‌ಗೂ ಈ ಹೊಣೆ ಇದೆ. ಆದರೆ ಕ್ವೀನ್ಸ್‌ನ ಹಲವು ಝೋನ್ ಶಾಲೆಗಳಲ್ಲಿ ವರ್ಷಗಳಿಂದ ಇದೇ ಕೆಲಸ ಮಾಡಿ ಪಳಗಿದ ಇಎನ್‌ಎಲ್ ಶಿಕ್ಷಕರಿದ್ದಾರೆ, ಇಲ್ಲಿ ನಮ್ಮ ಒಲವು ಅತ್ತಲೇ. ಇಲಾಖೆಯ ಪತ್ರಗಳು ಬಂಗಾಳಿ, ಉರ್ದುವಿನಲ್ಲಿ ಬರುತ್ತವೆ, ಕನ್ನಡದಲ್ಲಿ ಬರುವುದಿಲ್ಲ. ಅಜ್ಜ ಅಜ್ಜಿ ಶಾಲೆಯ ಜೊತೆ ವ್ಯವಹರಿಸುವ ಮನೆಯಾದರೆ ಫೋನ್ ಮೂಲಕ ದುಭಾಷಿ ಬೇಕೆಂದು ಮೊದಲೇ ಕೇಳಿಡಿ.

ದಿನಚರಿ

ಝೋನ್ ಶಾಲೆಯ ದಿನ ಆರು ಗಂಟೆ ಇಪ್ಪತ್ತು ನಿಮಿಷ. ಎಂಟಕ್ಕೆ ಬಿಟ್ಟರೆ ಎರಡೂ ಇಪ್ಪತ್ತಕ್ಕೆ ಬಾಗಿಲಲ್ಲಿ ನಿಂತಿರಬೇಕು. ಇಬ್ಬರೂ ದುಡಿಯುವ ಮನೆಗೆ ಶಾಲೆಯ ನಂತರದ ಕಾರ್ಯಕ್ರಮವೇ ನಿರ್ಣಾಯಕ. ಉಚಿತವಾದವು ಬೇಗ ತುಂಬುತ್ತವೆ, ಅರ್ಜಿ ಯಾವಾಗ ಎಂದು ಮೇ ತಿಂಗಳಲ್ಲೇ ಕೇಳಿ. ಬಹಳಷ್ಟು ಚಾರ್ಟರ್‌ಗಳ ದಿನ ಇದಕ್ಕಿಂತ ಒಂದು, ಒಂದೂವರೆ ಗಂಟೆ ಉದ್ದ, ವರ್ಷ ಆಗಸ್ಟ್‌ನಲ್ಲೇ ಶುರು. ಬೇಸಿಗೆಯಲ್ಲಿ ಊರಿಗೆ ಹೋಗುವವರು ಟಿಕೆಟ್ ತೆಗೆಯುವ ಮೊದಲು ಇದನ್ನು ನೋಡಿಕೊಳ್ಳಬೇಕು.

2023ರ ಕಾನೂನಿನಿಂದ ದೀಪಾವಳಿಗೆ ನಗರದ ಶಾಲೆಗಳಿಗೆ ರಜೆ ಇದೆ. ಚಾರ್ಟರ್‌ನ ಕ್ಯಾಲೆಂಡರ್ ಅದರದೇ, ಕೇಳಿ ತಿಳಿಯಿರಿ. ಊಟ ನಗರದ ಶಾಲೆಗಳಲ್ಲಿ 2017ರಿಂದ ಎಲ್ಲ ಮಕ್ಕಳಿಗೂ ಉಚಿತ. ಸೋಮವಾರ ಮಾಂಸವಿಲ್ಲದ ಊಟ, ಶುಕ್ರವಾರ ಸಸ್ಯಾಹಾರಕ್ಕೆ ಆದ್ಯತೆ. ಸಸ್ಯಾಹಾರಿ ಮಗುವಿಗೆ ಉಳಿದ ದಿನ ಡಬ್ಬಿ ಕಟ್ಟುವುದೇ ನೆಮ್ಮದಿ. ಇಲಾಖೆಯ ಕಟ್ಟಡದಲ್ಲೇ ಜಾಗ ಹಂಚಿಕೊಂಡಿರುವ ಚಾರ್ಟರ್ ಆದರೆ ಊಟದ ಸರದಿ ಎಷ್ಟು ಗಂಟೆಗೆ ಎಂದು ಕೇಳಿ. ಒಂದೇ ಊಟದ ಕೋಣೆಯಲ್ಲಿ ಎರಡು ಮೂರು ಶಾಲೆ ಇದ್ದರೆ ಕೆಲವು ಮಕ್ಕಳಿಗೆ ಹತ್ತೂವರೆಗೇ ಊಟ ಮುಗಿದಿರುತ್ತದೆ. ಆ ಮಗು ನಾಲ್ಕರವರೆಗೆ ಹಸಿದಿರಬಾರದು ಎಂದರೆ ತಿಂಡಿಗೆ ಬಿಡುವು ಇದೆಯೇ ಎಂದೂ ಕೇಳಬೇಕು.

ನಡೆದು ಹೋಗುವ ದೂರದ ಸುಮಾರಾದ ಶಾಲೆಗೂ ನಲವತ್ತು ನಿಮಿಷದ ರೈಲಿನಾಚೆಯ ಹೆಸರಾಂತ ಶಾಲೆಗೂ ನಡುವೆ ನಿಂತಿದ್ದರೆ, ಓದಿನ ಪಾಠ ಚೆನ್ನಾಗಿದೆ ಎಂದು ಕಣ್ಣಾರೆ ಕಂಡಿರುವ ಪಕ್ಷದಲ್ಲಿ ನಾವು ಹತ್ತಿರದ್ದನ್ನೇ ಹೇಳುತ್ತೇವೆ. ಜ್ವರ ಬಂದ ಮಗುವನ್ನು ಕರೆತರಲು ಬೇಕಾಗುವ ಸಮಯವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಏಪ್ರಿಲ್‌ನಲ್ಲಿ ಎರಡೂ ಕಡೆಯ ಉತ್ತರ ಕೈಗೆ ಬರುವವರೆಗೆ ಇಲಾಖೆಯ ಸೀಟನ್ನು ಒಪ್ಪಿಕೊಂಡು ನೋಂದಣಿ ಮಾಡಿಸಿಡಿ. ಕೊನೆಯ ದಿನಾಂಕ ಮೀರಿದರೆ ಆ ಸೀಟು ಬೇರೆಯವರ ಪಾಲು. ಚಾರ್ಟರ್ ವೇಟ್‌ಲಿಸ್ಟ್ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವೆ ಚುರುಕಾಗಿ ಕದಲುತ್ತದೆ, ಕರೆ ಬಂದರೆ ಒಂದೆರಡು ದಿನದೊಳಗೆ ಉತ್ತರ ಕೇಳುತ್ತಾರೆ. ಆಗ ಯೋಚಿಸಲು ಕೂರುವಂತಿರಬಾರದು. ಬ್ಯಾಚ್‌ಗಳ ಲೆಕ್ಕ, ಶಿಸ್ತಿನ ನಿಯಮಾವಳಿ, ಊಟದ ಸಮಯ ಎಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟಿರಿ. ಚಾರ್ಟರ್ ಒಗ್ಗದಿದ್ದರೆ ಜಾಗವಿರುವವರೆಗೆ ಝೋನ್ ಶಾಲೆಗೆ ವರ್ಷದ ಮಧ್ಯದಲ್ಲೂ ಮರಳಬಹುದು. ಚಾರ್ಟರ್‌ನ ಸೀಟನ್ನು ಒಮ್ಮೆ ಬಿಟ್ಟರೆ ಮತ್ತೆ ಲಾಟರಿಯ ಸಾಲಿನಲ್ಲಿ ಕೊನೆಯಿಂದಲೇ ನಿಲ್ಲಬೇಕು.