ಮಗುವಿನ ಮಣಿಕಟ್ಟಿಗೆ ಪ್ಲಾಸ್ಟರ್ ಅಂದ ಕೂಡಲೇ ತಲೆ ಆಡಿಸಬೇಡಿ

ಮಗಳು ಆಟ ಆಡುವಾಗ ಕೈ ಊರಿ ಬಿದ್ದಳು. ಮಣಿಕಟ್ಟು ಸ್ವಲ್ಪ ಊದಿತ್ತು, ಬೆರಳೆಲ್ಲ ಚೆನ್ನಾಗಿಯೇ ಆಡಿಸುತ್ತಿದ್ದಳು. ಎಕ್ಸ್‌ರೇ ನೋಡಿ "ಮೂಳೆ ಮುರಿದಿದೆ" ಅಂದರು. ಆ ಮಾತು ಕಿವಿಗೆ ಬಿದ್ದ ಮೇಲೆ ಯಾವ ಅಪ್ಪ ಅಮ್ಮ ತಾನೇ ಎದುರು ಪ್ರಶ್ನೆ ಕೇಳುತ್ತಾರೆ? ಮೊಣಕೈ ದಾಟುವಷ್ಟು ಪ್ಲಾಸ್ಟರ್ ಹಾಕಿದರು. ವಾರ ವಾರ ಬನ್ನಿ, ಬಂದಾಗಲೆಲ್ಲ ಎಕ್ಸ್‌ರೇ.

ಮಗುವಿಗೆ ನಿದ್ದೆ ಇಲ್ಲ. ಪ್ಲಾಸ್ಟರಿನ ಅಂಚು ಹೆಬ್ಬೆರಳ ಬುಡಕ್ಕೆ ಉಜ್ಜಿ ಕೆಂಪಗಾಗಿತ್ತು. ತುರಿಕೆ ತಡೆಯಲಾರದೆ ಒಳಗೆ ಪೆನ್ಸಿಲ್ ತೂರಿಸುತ್ತಿದ್ದಳು. ನಾನು ಅವಳನ್ನೇ ಗದರುತ್ತಿದ್ದೆ.

ಆಮೇಲೆ ಒಂದು ಸಲ ಹೋದಾಗ ದೊಡ್ಡ ಡಾಕ್ಟರ್ ಇರಲಿಲ್ಲ. ಕಿರಿಯ ಡಾಕ್ಟರ್ ಫಿಲಂ ಬೆಳಕಿಗೆ ಹಿಡಿದು, "ಇದು ಬಕಲ್ ಫ್ರಾಕ್ಚರ್ ಅಲ್ವಾ? ಇದಕ್ಕೆ ಇಷ್ಟು ದೊಡ್ಡದು ಯಾಕೆ ಹಾಕಿದ್ರು?" ಅಂದುಬಿಟ್ಟರು. ಅಂದವರೇ ನರ್ಸ್ ಮುಖ ನೋಡಿ ಸುಮ್ಮನಾದರು. ಫೈಲ್ ಬಿಚ್ಚಿದೆ. ಮೊದಲ ದಿನದ ರಿಪೋರ್ಟಿನಲ್ಲೇ 'ಬಕಲ್' ಅಂತ ಟೈಪ್ ಆಗಿತ್ತು. ಮೊದಲ ದಿನವೇ! ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಹತ್ತಿರ ಬರೀ "ಮುರಿದಿದೆ" ಅಂದಿದ್ದರು.

ಬಕಲ್ ಆದರೆ ಮೂಳೆ ಎರಡು ತುಂಡಾಗಿರುವುದಿಲ್ಲ. ಮಕ್ಕಳ ಮೂಳೆ ಮೆದು, ತಗಡಿನ ಡಬ್ಬ ಅಮುಕಿದ ಹಾಗೆ ಒಂದು ಕಡೆ ಉಬ್ಬುತ್ತದೆ ಅಷ್ಟೇ. ಜಾಗ ಬಿಟ್ಟು ಜರುಗುವುದಿಲ್ಲ, ತಾನಾಗಿ ವಾಸಿಯಾಗುತ್ತದೆ. ಚಿಕಿತ್ಸೆ ಹೇಗಿರಬೇಕು ಅಂತ ಡಾಕ್ಟರುಗಳಿಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲೇ ಇದಕ್ಕೆ ಗಟ್ಟಿ ಪ್ಲಾಸ್ಟರ್ ಬೇಡ, ಒಮ್ಮೆ ನೋಡಿ ಮನೆಗೆ ಕಳಿಸಿ ಅಂದಿತ್ತು. 2022ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದ ಫೋರ್ಸ್ ಅಧ್ಯಯನ 4ರಿಂದ 15 ವರ್ಷದ 965 ಮಕ್ಕಳ ಮೇಲೆ ನಡೆದದ್ದು. ಮೆತ್ತನೆ ಬ್ಯಾಂಡೇಜ್ ಕೊಟ್ಟು ಅವತ್ತೇ ಮನೆಗೆ ಕಳಿಸಿದ ಮಕ್ಕಳಿಗೂ, ಕೈ ಅಲುಗದಂತೆ ಗಟ್ಟಿಯಾಗಿ ಕಟ್ಟಿದ ಮಕ್ಕಳಿಗೂ ಮೂರನೇ ದಿನದ ನೋವು ಹೆಚ್ಚುಕಡಿಮೆ ಒಂದೇ. ಆರು ವಾರದ ಹೊತ್ತಿಗೆ ಕೈ ಬಳಸುವುದರಲ್ಲೂ ವ್ಯತ್ಯಾಸ ಇರಲಿಲ್ಲ. ಇದೆಲ್ಲ ಮೂಳೆ ಡಾಕ್ಟರಿಗೆ ಗೊತ್ತಿರಲ್ವಾ?

ದೊಡ್ಡ ಡಾಕ್ಟರನ್ನೇ ಕೇಳಿದೆ. "ಮಕ್ಕಳು ಸುಮ್ನೆ ಕೂರಲ್ಲ ನೋಡಿ, ರಿಸ್ಕ್ ಯಾಕೆ?" ಅಂದರು. ಹಾಗಾದರೆ ವಾರ ವಾರ ಎಕ್ಸ್‌ರೇ ಯಾಕೆ ಅಂದೆ. "ಅದು ನಮ್ಮ ಪದ್ಧತಿ." ರಿಪೋರ್ಟ್ ಮುಂದೆ ಇಟ್ಟೆ. "ನೀವು ಡಾಕ್ಟರಾ?" ಅಂದರು. ಕೊನೆಗೆ ನಗುತ್ತಾ ಹೇಳಿದ್ದು: "ಪ್ಲಾಸ್ಟರ್ ಹಾಕದೆ ಕಳಿಸಿದ್ರೆ ನೀವೇ ಬಂದು ಜಗಳ ಆಡ್ತಿದ್ರಿ." ನನ್ನನ್ನು ಯಾರಪ್ಪಾ ಕೇಳಿದ್ದು? ಮೈಯೆಲ್ಲ ಉರಿಯಿತು. ಸುತ್ತ ಕೂತ ಜನರೆಲ್ಲ ನನ್ನನ್ನೇ ನೋಡುತ್ತಿದ್ದರು, ತಪ್ಪು ನನ್ನದೇ ಅನ್ನುವ ಹಾಗೆ.

ಹಾಗಂತ ಎಕ್ಸ್‌ರೇ ಬೇಡ ಅನ್ನಬೇಡಿ. ಯಾವ ತರಹದ ಮುರಿತ ಅಂತ ಗೊತ್ತಾಗುವುದೇ ಅದರಿಂದ. ಮೂಳೆ ಜರುಗಿದ್ದರೆ, ಪೂರ್ತಿ ಮುರಿದಿದ್ದರೆ, ಬೆಳವಣಿಗೆಯ ಭಾಗಕ್ಕೆ ಪೆಟ್ಟಾಗಿದ್ದರೆ ಮಾತು ಬೇರೆ, ಪ್ಲಾಸ್ಟರ್ ಬೇಕಾಗಬಹುದು. ಕಟ್ಟಿದ ಮೇಲೆ ಬೆರಳು ನೀಲಿಯಾದರೆ, ಮರಗಟ್ಟಿದರೆ, ನೋವು ಏರುತ್ತಲೇ ಹೋದರೆ ತಕ್ಷಣ ಓಡಿ. ಆದರೆ ಪ್ಲಾಸ್ಟರ್ ಕಲಸುವ ಮುಂಚೆಯೇ "ಇದು ಬಕಲ್ಲಾ? ಬಿಚ್ಚಿ ಹಾಕುವ ಪಟ್ಟಿ ಸಾಲಲ್ವಾ? ಮತ್ತೆ ಎಕ್ಸ್‌ರೇ ಯಾಕೆ?" ಅಂತ ಕೇಳಿ. ಮುಖ ಗಂಟಿಕ್ಕಿದರೆ ಗಂಟಿಕ್ಕಲಿ. ರಿಪೋರ್ಟ್ ಕೈಗೆ ಕೊಡದೆ "ಆಮೇಲೆ ನೋಡೋಣ" ಅಂದರೆ ಇನ್ನೊಬ್ಬ ಡಾಕ್ಟರಿಗೆ ತೋರಿಸಿ.

ದೂರು ಬರೆದು ಕೊಟ್ಟಿದ್ದೇನೆ. ಉತ್ತರ ಇಲ್ಲ. ಮುಂದಿನ ಎಕ್ಸ್‌ರೇಗೆ ಬನ್ನಿ ಅಂತ ಮಾತ್ರ ಮೆಸೇಜ್ ಬಂದಿದೆ.