ಕೋಡಿಬಾಗದ ಮೀನೂಟ: ದ್ವೀಪದಿಂದ ರಜೆಗೆ ಬಂದವನ ಅಭಿಪ್ರಾಯ

ಕಾರವಾರದ ಕೋಡಿಬಾಗದಲ್ಲಿ, ಹೆದ್ದಾರಿಯಿಂದ ಕಾಳಿ ನದಿಯ ದಡದ ಕಡೆಗೆ ಇಳಿಯುವ ಒಂದು ಒಳದಾರಿಯಲ್ಲಿ, ಮನೆಯ ಅಂಗಳಕ್ಕೆ ತಗಡಿನ ಮಾಡು ಹೊದಿಸಿ ಮಾಡಿಕೊಂಡ ಸಣ್ಣ ಖಾನಾವಳಿಯೊಂದಿದೆ. ಅದಕ್ಕೆ ಹೆಸರಿಲ್ಲ. ಗೇಟಿಗೆ ಕಟ್ಟಿದ ಹಲಗೆಯ ಮೇಲೆ ‘ಮೀನು ಊಟ ಸಿಗುತ್ತದೆ’ ಎಂದು ಬರೆದಿದ್ದಾರೆ, ಅಷ್ಟೇ. ಮಧ್ಯಾಹ್ನ ಹನ್ನೆರಡೂವರೆಗೆ ಎಲೆ ಹಾಕಲು ಆರಂಭಿಸುತ್ತಾರೆ, ಮೀನು ಮುಗಿದ ಹೊತ್ತಿಗೆ ಬಾಗಿಲು ಹಾಕುತ್ತಾರೆ, ರಾತ್ರಿ ಊಟವಿಲ್ಲ. ಅಡುಗೆ, ಬಡಿಸುವುದು, ಹಣ ತೆಗೆದುಕೊಳ್ಳುವುದು ಎಲ್ಲವನ್ನೂ ಆ ಮನೆಯ ಅತ್ತೆ ಮತ್ತು ಸೊಸೆ ಇಬ್ಬರೇ ನೋಡಿಕೊಳ್ಳುತ್ತಾರೆ. ಮೀನು ತರುವ ಕೆಲಸ ಮಾತ್ರ ಮನೆಯ ಗಂಡಸರದು. ಕಾರವಾರದಲ್ಲಿ ಮೀನೂಟಕ್ಕೆ ಇದಕ್ಕಿಂತ ದೊಡ್ಡ, ಹವಾನಿಯಂತ್ರಿತ ಜಾಗಗಳು ಬೇಕಾದಷ್ಟಿದ್ದರೂ ಈ ಖಾನಾವಳಿಯ ಬಗ್ಗೆಯೇ ಬರೆಯಲು ಒಂದು ಕಾರಣವಿದೆ: ಇಲ್ಲಿ ಉಣಬಡಿಸುವುದು ಮುಖ್ಯವಾಗಿ ಸಮುದ್ರವನ್ನಲ್ಲ, ನದಿಯನ್ನು.

ಈ ಮಾತು ನನಗೆ ಹೊಳೆದದ್ದು ಊರು ಬಿಟ್ಟ ಮೇಲೆ. ನಮ್ಮೂರು ಅಂಕೋಲಾ. ಈಗ ಮಾಲ್ದೀವ್ಸ್‌ನ ಒಂದು ರೆಸಾರ್ಟಿನ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಮಾಲ್ದೀವ್ಸ್ ಎಂದರೆ ಸುಮಾರು 1,190 ಹವಳದ ದ್ವೀಪಗಳ ದೇಶ. ಅವುಗಳಲ್ಲಿ ಜನವಸತಿ ಇರುವುದು ಇನ್ನೂರರಷ್ಟರಲ್ಲಿ ಮಾತ್ರ. ರೆಸಾರ್ಟ್ ಎಂದರೆ ಬಹುಮಟ್ಟಿಗೆ ಒಂದು ಇಡೀ ದ್ವೀಪವೇ ಆಗಿರುವುದರಿಂದ ಕೆಲಸ ಮಾಡುವವರ ವಸತಿಯೂ ಊಟವೂ ಅಲ್ಲೇ. ಅತಿಥಿಗಳು ಕೂರುವ ಮರಳದಂಡೆಯ ಹಿಂಬದಿಯಲ್ಲಿ ನಮ್ಮ ಕೋಣೆಗಳು, ಬಟ್ಟೆ ಒಗೆಯುವ ಯಂತ್ರಗಳು, ಜನರೇಟರು, ಸಮುದ್ರದ ನೀರನ್ನು ಸಿಹಿಮಾಡುವ ಘಟಕ, ಮತ್ತು ಕ್ಯಾಂಟೀನು ಇವೆ. ಆ ಕ್ಯಾಂಟೀನಿನಲ್ಲಿ ಹಡಗಿನಲ್ಲಿ ಬಂದ ಅಕ್ಕಿಯ ಅನ್ನ, ಬೇಳೆ ಸಾರು, ಕೋಳಿ, ಮತ್ತೆ ವಾರವಿಡೀ ಸೂರೆ (ಟ್ಯೂನಾ) ಮೀನು ಇರುತ್ತದೆ. ಊರಲ್ಲಿ ಯಾರಾದರೂ ‘ಸುತ್ತಲೂ ಸಮುದ್ರ, ನಿನಗೇನು ಮೀನಿಗೆ ಬರವೇ’ ಎಂದು ಕೇಳಿದರೆ ಬರವಿಲ್ಲ ಎಂದೇ ಹೇಳುತ್ತೇನೆ, ಆದರೆ ಬಗೆ ಕಡಿಮೆ ಎಂದು ಸೇರಿಸುತ್ತೇನೆ.

ಅಲ್ಲಿಯ ಸೂರೆಯನ್ನು ಹಗುರವಾಗಿ ಕಾಣುವುದು ನನ್ನ ಉದ್ದೇಶವಲ್ಲ. ಕಳುಬಿಲಮಸ್ ಎಂದು ಅವರು ಕರೆಯುವ ಆ ಮೀನನ್ನು ಬಲೆಯಿಂದ ಹಿಡಿಯುವುದಿಲ್ಲ. ಹವಳದ ದಿಬ್ಬಗಳ ಆಚೆ ದೋಣಿ ನಿಲ್ಲಿಸಿ, ಜೀವಂತ ಸಣ್ಣ ಮೀನುಗಳನ್ನು ನೀರಿಗೆ ಎರಚಿ, ಹಿಂಡು ಮೇಲಕ್ಕೆ ಬಂದಾಗ ಸಾಲಾಗಿ ನಿಂತವರು ಗಾಳದ ಕೋಲಿನಿಂದ ಒಂದೊಂದನ್ನೇ ಎತ್ತಿ ದೋಣಿಯೊಳಗೆ ಹಾಕುತ್ತಾರೆ. ಆ ಮೀನನ್ನು ಉಪ್ಪು ನೀರಿನಲ್ಲಿ ಬೇಯಿಸಿದ ತಿಳಿಸಾರಾದ ಗರುಧಿಯಾಕ್ಕೆ ನಿಂಬೆ, ಮೆಣಸು, ಈರುಳ್ಳಿ ಬೆರೆಸಿ ಅನ್ನಕ್ಕೆ ಹಾಕಿಕೊಂಡರೆ ಜ್ವರ ಬಿಟ್ಟ ನಾಲಿಗೆಗೂ ರುಚಿ ಹತ್ತುತ್ತದೆ. ಬೆಳಿಗ್ಗೆ ತೆಂಗಿನತುರಿ, ಈರುಳ್ಳಿ, ಮೆಣಸಿನೊಂದಿಗೆ ಹೊಗೆಯಾಡಿಸಿದ ಸೂರೆಯನ್ನು ಕಲಸಿದ ಮಸ್ ಹುನಿಯನ್ನು ರೋಶಿ ಎಂಬ ತೆಳು ರೊಟ್ಟಿಯ ಜತೆ ತಿನ್ನುವುದು ನನಗೀಗ ಅಭ್ಯಾಸವಾಗಿದೆ. ಹವಳದ ದಿಬ್ಬಗಳಲ್ಲಿ ಬಣ್ಣಬಣ್ಣದ ಬೇರೆ ಮೀನುಗಳೂ ಇವೆ, ಆದರೆ ಅವು ಹೆಚ್ಚಾಗಿ ಅತಿಥಿಗಳ ತಟ್ಟೆ ಸೇರುತ್ತವೆ.

ಅಲ್ಲಿ ಇಲ್ಲದಿರುವುದು ನದಿ. ಇಡೀ ದೇಶದಲ್ಲಿ ಒಂದು ನದಿಯೂ ಇಲ್ಲ. ಸಮುದ್ರ ಮಟ್ಟದಿಂದ ಕೆಲವೇ ಮೀಟರು ಎತ್ತರದ ನೆಲದಲ್ಲಿ ನದಿ ಹುಟ್ಟುವುದಾದರೂ ಎಲ್ಲಿಂದ? ನದಿಯಿಲ್ಲದ ಕಡೆ ಅಳಿವೆಯಿಲ್ಲ, ಅಳಿವೆಯಿಲ್ಲದ ಕಡೆ ಮೆಕ್ಕಲು ಕೆಸರಿಲ್ಲ. ಹಾಗಾಗಿ ತೀಸ್ರೆ ಎಂಬ ಚಿಪ್ಪುಜೀವಿ ಇಲ್ಲ, ನಮ್ಮ ಬಗೆಯ ಕಲ್ವಾ ಎಂಬ ಸಿಂಪಿ ಇಲ್ಲ, ಕಾಂಡ್ಲಾ ಗಿಡದ ಬೇರಿನ ಕೆಳಗಿನ ಕೆಸರಲ್ಲಿ ಬಿಲ ತೋಡಿಕೊಳ್ಳುವ ದಪ್ಪ ಕುರ್ಲಿ ಏಡಿಯೂ ಸಿಗುವುದಿಲ್ಲ. ಕಾರವಾರದ ಸ್ಥಿತಿ ಇದಕ್ಕೆ ತದ್ವಿರುದ್ಧ. ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟಿ, ಸೂಪಾದಿಂದ ಕದ್ರಾದವರೆಗೆ ಅಣೆಕಟ್ಟುಗಳಲ್ಲಿ ತಡೆದು ತಡೆದು ಬರುವ ಕಾಳಿ, ಸದಾಶಿವಗಡದ ಬುಡದಲ್ಲಿ ಸಮುದ್ರ ಸೇರುವ ಮೊದಲು ಅಗಲವಾಗಿ ಹರಡಿ, ಉಬ್ಬರ ಇಳಿತಗಳ ಜತೆ ದಿನಕ್ಕೆರಡು ಸಲ ಉಪ್ಪು ಸಿಹಿಗಳನ್ನು ಬೆರೆಸುತ್ತದೆ. ಆ ಬೆರಕೆ ನೀರಿನಲ್ಲಿ ಬದುಕುವ, ಇಲ್ಲವೇ ಎಳವೆಯಲ್ಲಿ ಅಲ್ಲಿ ಬೆಳೆದು ಆಮೇಲೆ ಕಡಲಿಗೆ ಹೋಗುವ ಜೀವಿಗಳು ಎಷ್ಟೋ ಬಗೆಯವು. ಮೀನುಪೇಟೆಯಲ್ಲಿ ಹೆಂಗಸರ ಮುಂದಿನ ಬುಟ್ಟಿಗಳನ್ನು ನೋಡುತ್ತಾ ನಡೆದರೆ ಈ ವ್ಯತ್ಯಾಸ ಯಾರಿಗಾದರೂ ತಿಳಿಯುತ್ತದೆ. ಕೋಡಿಬಾಗದ ಖಾನಾವಳಿಯವರು ಅದನ್ನು ಅಡುಗೆಯಲ್ಲಿ ತಿಳಿಸುತ್ತಾರೆ.

ಆದ್ದರಿಂದ ಇಲ್ಲಿಗೆ ಹೋದವರು ಮೊದಲು ತೀಸ್ರೆಯ ಸುಕ್ಕೆಯನ್ನು ಕೇಳಬೇಕು. ಚಿಪ್ಪನ್ನು ಬಿಡಿಸಿ, ಮಾಂಸ ಉಳಿದ ಅರ್ಧವನ್ನಷ್ಟೇ ಇಟ್ಟುಕೊಂಡು, ತೆಂಗಿನತುರಿ, ಒಣಮೆಣಸು, ಕೊತ್ತಂಬರಿ, ಅರಿಶಿನ ಹಾಕಿ ನೀರು ಬತ್ತುವವರೆಗೆ ಬೇಯಿಸಿದ ಈ ಪಲ್ಯ ಬಾಯಿಗೆ ಬಂದಾಗ ಮಸಾಲೆಗಿಂತ ಮೊದಲು ಚಿಪ್ಪಿನ ಒಳಗಿನ ಉಪ್ಪು ಸಿಹಿ ರಸವೇ ನಾಲಿಗೆಗೆ ತಾಗುತ್ತದೆ. ಮಸಾಲೆಯನ್ನು ಇಷ್ಟು ಮಿತವಾಗಿ ಹಾಕುವ ಧೈರ್ಯ ದೊಡ್ಡ ಹೋಟೆಲುಗಳಿಗೆ ಇರುವುದಿಲ್ಲ. ಅಲ್ಲಿ ತೀಸ್ರೆಯೂ ಕೋಳಿಯೂ ಒಂದೇ ಕೆಂಪು ಗ್ರೇವಿಯಲ್ಲಿ ಮುಳುಗಿರುತ್ತವೆ. ಇನ್ನೊಂದು ಮುಖ್ಯ ಸಂಗತಿ ಎಂದರೆ ಹಲ್ಲಿಗೆ ಮರಳು ಸಿಗುವುದಿಲ್ಲ. ತೀಸ್ರೆಯನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಹಾಕಿ ಅದು ತಾನಾಗಿ ಮರಳು ಉಗುಳಲು ಬಿಡುತ್ತೇವೆ ಎಂದು ಸೊಸೆ ಹೇಳಿದರು. ಅವಸರದ ಅಡುಗೆಮನೆ ಮಾಡುವ ಕೆಲಸವಲ್ಲ ಅದು. ಕಾಳಿಯಲ್ಲಿ ತೀಸ್ರೆ ಸಿಗದ ದಿನ ಕುಮಟಾ ಕಡೆಯಿಂದ, ಅಘನಾಶಿನಿ ಅಳಿವೆಯದನ್ನು ತರಿಸುತ್ತಾರೆ. 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಆ ಅಳಿವೆಯ ದಡದಲ್ಲಿ ಚಿಪ್ಪೆಕ್ಕುವುದನ್ನೇ ನಂಬಿದ ಕುಟುಂಬಗಳು ಇಂದಿಗೂ ಇವೆ. ಗಾತ್ರದಲ್ಲಿ ಅಲ್ಲಿಯ ತೀಸ್ರೆ ತುಸು ದೊಡ್ಡದಿತ್ತು. ರುಚಿಯಲ್ಲಿ ಭೇದ ಹೇಳುವಷ್ಟು ನನ್ನ ನಾಲಿಗೆ ಪಳಗಿಲ್ಲ.

ಎರಡನೆಯದಾಗಿ ನೊಗಲಿ. ದಕ್ಷಿಣದ ಕಡೆ ಕಾಣೆ ಎನ್ನುವ ಈ ತೆಳುಮೈಯ ಮೀನು ಅಳಿವೆಯ ಮರಳು ನೆಲದ್ದು, ಮಾಂಸ ಬಿಳಿ, ಮುಳ್ಳು ಸುಲಭ. ಉಪ್ಪು, ಮೆಣಸಿನಪುಡಿ, ಮುರುಗಲ ಹುಳಿ ಹಚ್ಚಿ, ರವೆಯಲ್ಲಿ ಹೊರಳಿಸಿ, ಕಾವಲಿಯ ಮೇಲೆ ಸ್ವಲ್ಪವೇ ಎಣ್ಣೆಯಲ್ಲಿ ಹುರಿಯುತ್ತಾರೆ. ರವೆಯ ಪದರ ಗರಿಯಾಗಿರುತ್ತದೆ, ಒಳಗಿನ ಮೀನು ಒಣಗಿರುವುದಿಲ್ಲ. ಸೂರೆಯ ದಪ್ಪ ಕೆಂಪು ಮಾಂಸವನ್ನು ಜಗಿದು ಜಗಿದು ದವಡೆ ಗಟ್ಟಿಯಾದವನಿಗೆ ನೊಗಲಿಯ ಮೊದಲ ತುತ್ತು ಬೆಣ್ಣೆಯಂತೆ ಕರಗಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ನೊಗಲಿ ದಿನಾ ಸಿಗುವುದಿಲ್ಲ. ‘ತಮಾ, ಇವತ್ತು ನೊಗಲಿ ಬರ್ಲಿಲ್ಲ, ಶೇವ್ಟೆ ಅದೆ, ತಿಂತ್ಯಾ?’ ಎಂದು ಅತ್ತೆ ಕೇಳಿದ ದಿನ ಒಪ್ಪಿಕೊಂಡೆ. ಶೇವ್ಟೆಗೆ ಸ್ವಲ್ಪ ಕೆಸರಿನ ವಾಸನೆ ಇರುತ್ತದೆ ಎಂದು ಮೂಗು ಮುರಿಯುವವರಿದ್ದಾರೆ. ಇಲ್ಲಿ ಅದನ್ನು ಶುಂಠಿ ಬೆಳ್ಳುಳ್ಳಿ ಹಚ್ಚಿ ಹುರಿದಿದ್ದರಿಂದ ಆ ದೂರಿಗೆ ಅವಕಾಶವಿರಲಿಲ್ಲ.

ಅನ್ನಕ್ಕೆ ಹಾಕುವ ಹುಮಣ, ಎಂದರೆ ಮೀನುಸಾರು, ಸಾಮಾನ್ಯವಾಗಿ ಬಾಂಗಡೆಯದು ಅಥವಾ ತಾರ್ಲೆಯದು. ಎರಡೂ ಅಪ್ಪಟ ಕಡಲ ಮೀನುಗಳೇ. ಇದರ ಹೆಚ್ಚುಗಾರಿಕೆ ತೆಪ್ಪಲದಲ್ಲಿದೆ. ನಮ್ಮ ಘಟ್ಟದ ಕೆಳಗಿನ ಕೆಲವರು ಜುಮ್ಮನಕಾಯಿ ಎನ್ನುವ ಈ ಕಾಯನ್ನು ಅರೆಯದೆ, ಜಜ್ಜಿ ಕೊನೆಯಲ್ಲಿ ಹಾಕುವುದರಿಂದ ನಾಲಿಗೆಯ ತುದಿ ಜುಮ್ಮೆನ್ನುತ್ತದೆ, ಬಾಂಗಡೆಯ ಎಣ್ಣೆಯ ಜಿಡ್ಡು ಹಿಂದೆ ಸರಿಯುತ್ತದೆ. ಅನ್ನ ಕುಚ್ಚಲಕ್ಕಿಯದು. ಹದಿನಾಲ್ಕನೆಯ ಶತಮಾನದಲ್ಲಿ ನಮ್ಮ ಹೊನ್ನಾವರದಲ್ಲೂ ಮಾಲ್ದೀವ್ಸ್‌ನಲ್ಲೂ ತಂಗಿದ್ದ, ಅಲ್ಲಿ ಕಾಜಿಯ ಹುದ್ದೆಯನ್ನೂ ಮಾಡಿದ್ದ ಮೊರಾಕ್ಕೊದ ಯಾತ್ರಿಕ ಇಬ್ನ್ ಬತೂತ, ಹೊನ್ನಾವರದಲ್ಲಿ 11 ತಿಂಗಳು ರೊಟ್ಟಿಯ ಮುಖ ಕಾಣದೆ ಅನ್ನವನ್ನೇ ಉಂಡದ್ದನ್ನೂ, ಮುಂದೆ ಆ ದ್ವೀಪಗಳಲ್ಲೂ ಅನ್ನವೇ ಗತಿಯಾಗಿ ಕೊನೆಗೆ ನೀರು ಕುಡಿದು ನುಂಗಬೇಕಾದದ್ದನ್ನೂ ಬರೆದಿಟ್ಟಿದ್ದಾನೆ. ನನ್ನ ದಾರಿಯೂ ಅವೆರಡು ತೀರಗಳ ನಡುವಿನದೇ, ಕಷ್ಟ ಮಾತ್ರ ತಿರುಗುಮುರುಗು: ಅವನಿಗೆ ಸಾಕುಸಾಕಾದ ಈ ಕರಾವಳಿಯ ಅನ್ನಕ್ಕಾಗಿಯೇ ನಾನು ರಜೆಯ ಅರ್ಜಿ ಹಾಕುತ್ತೇನೆ. ಇಲ್ಲಿ ಅನ್ನವನ್ನು ಎರಡನೆಯ ಸಲ, ಮೂರನೆಯ ಸಲ ಕೇಳಿದರೂ ಮುಖ ಸಿಂಡರಿಸುವುದಿಲ್ಲ.

ಇನ್ನು ಬೇಡವಾದವುಗಳ ಮಾತು. ಇಸ್ವಣ ಮೀನಿನ ತುಂಡನ್ನು ಇಲ್ಲಿ ತಿನ್ನಬೇಕಾಗಿಲ್ಲ. ಅದು ಪ್ರವಾಸಿಗಳು ಕೇಳುತ್ತಾರೆಂದು ಇಟ್ಟಿರುವ ಪದಾರ್ಥ, ಮಂಜುಗಡ್ಡೆಯಲ್ಲಿಟ್ಟು ತೆಗೆದದ್ದೆಂದು ಬಾಯಿಗಿಟ್ಟರೆ ಗೊತ್ತಾಗುತ್ತದೆ, ಬೆಲೆಯೂ ಹೆಚ್ಚು. ಶೆಟ್ಲಿಯ (ಸಿಗಡಿಯ) ಹುರಿದ ಪಲ್ಯ ಒಂದು ದಿನ ಬಹಳ ಚೆನ್ನಾಗಿತ್ತು, ಇನ್ನೊಂದು ದಿನ ರಬ್ಬರಿನಂತೆ ಬೆಂದಿತ್ತು. ಸೋಲ್ಕಡಿಯ ಗುಣ ಹೋಗುವ ಹೊತ್ತನ್ನು ಅವಲಂಬಿಸಿದೆ: ಮಧ್ಯಾಹ್ನ ಒಂದರೊಳಗೆ ಹೋದರೆ ತೆಂಗಿನ ಹಾಲು ದಪ್ಪವಾಗಿ, ಮುರುಗಲ ಬಣ್ಣ ಗುಲಾಬಿಯಾಗಿರುತ್ತದೆ, ಎರಡೂವರೆಯ ಮೇಲೆ ಬಂದವರಿಗೆ ನೀರು ಬೆರೆತ ಸೋಲ್ಕಡಿ ಬರುತ್ತದೆ. ಅದೇ ಹೊತ್ತಿನಲ್ಲಿ ಕಾವಲಿಯ ಎಣ್ಣೆಯೂ ಕಪ್ಪಾಗಿ, ಹುರಿದ ಮೀನಿನ ರವೆಗೆ ಕರಕು ಹತ್ತಿರುತ್ತದೆ. ಕೈತೊಳೆಯಲು ಒಂದೇ ನಲ್ಲಿ ಇದೆ. ಶನಿವಾರ ಭಾನುವಾರ ಗೋವಾ ಕಡೆಯಿಂದಲೂ ಹುಬ್ಬಳ್ಳಿ ಕಡೆಯಿಂದಲೂ ಕಾರುಗಳು ಬಂದು ನಿಂತಾಗ ಅಂಗಳದಲ್ಲಿ ಕಾಯುವವರಿಗೆ ನೆರಳಿಲ್ಲ, ಉಣ್ಣುವವರ ಬೆನ್ನ ಹಿಂದೆಯೇ ನಿಲ್ಲುತ್ತಾರೆ. ಹಾಗೆ ಕಣ್ಣುಗಳ ಮುಂದೆ ನೊಗಲಿಯ ಮುಳ್ಳು ಬಿಡಿಸುವುದು ಹಿತವಾದ ಅನುಭವವಲ್ಲ.

ದರಗಳು ನ್ಯಾಯವಾಗಿವೆ. ಅನ್ನ, ಹುಮಣ, ಒಂದು ಸಣ್ಣ ಹುರಿದ ಮೀನು, ತರಕಾರಿ ಪಲ್ಯ, ಸೋಲ್ಕಡಿ, ಉಪ್ಪಿನಕಾಯಿ ಸೇರಿದ ಊಟಕ್ಕೆ 130 ರೂಪಾಯಿ, ತೀಸ್ರೆಯ ಸುಕ್ಕೆಗೆ 120, ನೊಗಲಿಗೆ ಗಾತ್ರ ನೋಡಿ 180ರಿಂದ 250. ನನ್ನಂತೆ ಪರದೇಶದಲ್ಲಿದ್ದು ಊರಿನ ಮೊಬೈಲ್ ಸಂಖ್ಯೆಯನ್ನು ಸ್ಥಗಿತಗೊಳಿಸಿರುವವರು ಗಮನಿಸಬೇಕಾದ ಒಂದು ವಿಷಯ: ಇಲ್ಲಿ ಕಾರ್ಡು ನಡೆಯುವುದಿಲ್ಲ, ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್ ಅಥವಾ ನಗದು ಮಾತ್ರ. ಊರಿನ ಸಂಖ್ಯೆಯಿಲ್ಲದೆ ರಜೆಗೆ ಬಂದವರಿಗೆ ಮೊದಲನೆಯದು ಆಗುವುದಿಲ್ಲ, ನಗದು ತರಲು ಪೇಟೆಯ ಎಟಿಎಮ್ಮಿಗೆ ಹೋಗಿ ಬರಬೇಕು. ಮೊದಲೇ ಜೇಬಿನಲ್ಲಿಟ್ಟುಕೊಂಡು ಹೋಗುವುದು ಒಳಿತು.

ಯಾವ ಕಾಲದಲ್ಲಿ ಹೋಗಬೇಕೆಂಬುದೂ ಮುಖ್ಯ. ನಮ್ಮ ರಜೆಗಳು ನಮ್ಮ ಇಷ್ಟದಂತೆ ಸಿಗುವುದಿಲ್ಲ. ಯುರೋಪಿನವರ ಚಳಿಗಾಲವೇ ದ್ವೀಪದಲ್ಲಿ ಅತಿಥಿಗಳ ಕಾಲವಾದ್ದರಿಂದ ಡಿಸೆಂಬರಿನಲ್ಲಿ ಮನೆಗೆ ಬಿಡುವ ಮಾತೇ ಇಲ್ಲ, ಜೂನ್ ಜುಲೈನಲ್ಲಿ ಹೋಗಿ ಬಾ ಎನ್ನುತ್ತಾರೆ. ಆದರೆ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರಚಾಲಿತ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಬೈತಕೋಲ ಬಂದರಿನಲ್ಲಿ ದೋಣಿಗಳು ಕಟ್ಟಿ ನಿಂತಿರುವ ಆ ಎರಡು ತಿಂಗಳಲ್ಲಿ ಬಹಳಷ್ಟು ಹೋಟೆಲುಗಳು ಹೊರರಾಜ್ಯದಿಂದ ಬಂದ ಮಂಜುಗಡ್ಡೆಯ ಮೀನನ್ನೇ ಬಡಿಸುತ್ತವೆ. ಕೋಡಿಬಾಗದ ಈ ಮನೆಯವರು ಹಾಗೆ ಮಾಡುವುದಿಲ್ಲ ಎಂಬುದೇ ಇದರ ನಿಜವಾದ ಪ್ರಶಸ್ತಿ. ಸಣ್ಣ ದೋಣಿಯಲ್ಲಿ ನದಿಯೊಳಗೇ ಬಲೆ ಬೀಸಿ ಸಿಕ್ಕಿದ್ದನ್ನು ಹುರಿಯುತ್ತಾರೆ, ಸಿಗದ ದಿನ ಬೇಸಿಗೆಯಲ್ಲಿ ಒಣಗಿಸಿಟ್ಟ ಶೆಟ್ಲಿಯ ಚಟ್ನಿ, ಒಣ ಬಾಂಗಡೆ, ಹಲಸಿನ ಬೀಜದ ಪಲ್ಯ ಇರುತ್ತದೆ. ಹಲಸಿನ ಬೀಜ ಮತ್ತು ಒಣ ಶೆಟ್ಲಿಯನ್ನು ಒಟ್ಟಿಗೆ ಬೇಯಿಸಿದ ಸಾರು ಸಿಕ್ಕರೆ ಬೇರೇನನ್ನೂ ಕೇಳಬೇಕಾಗಿಲ್ಲ. ಮಳೆ ಜೋರಾಗಿ ಸಿಹಿನೀರು ಹೆಚ್ಚಾದ ಮೇಲೆ ತೀಸ್ರೆ ಮಾತ್ರ ಸಿಗುವುದು ಕಷ್ಟ. ಅದಕ್ಕಾಗಿಯೇ ಬರುವವರು ಬೇಸಿಗೆಯ ತಿಂಗಳುಗಳನ್ನು ಆಯ್ದುಕೊಳ್ಳಲಿ.

ಒಣ ಶೆಟ್ಲಿಯ ಚಟ್ನಿಪುಡಿಯನ್ನು ಅವರು ಕಾಲು ಕಿಲೋದ ಪೊಟ್ಟಣ ಮಾಡಿ ಮಾರುತ್ತಾರೆ, 150 ರೂಪಾಯಿ. ಪ್ಲಾಸ್ಟಿಕ್ ಚೀಲವನ್ನು ಮೇಣದಬತ್ತಿಯ ಉರಿಗೆ ಹಿಡಿದು ಅಂಟಿಸಿದ್ದು, ವಿಮಾನದ ಸಾಮಾನಿಗೆ ಹಾಕುವವರು ಇನ್ನೆರಡು ಚೀಲ ಸುತ್ತದಿದ್ದರೆ ಒಳಗಿನ ಬಟ್ಟೆಗಳಿಗೆಲ್ಲ ಅದರ ವಾಸನೆ ಹಿಡಿಯುತ್ತದೆ. ನಮ್ಮ ಕ್ಯಾಂಟೀನಿನಲ್ಲಿ ಈ ಪುಡಿಯನ್ನು ಗರುಧಿಯಾದ ಅನ್ನಕ್ಕೆ ಉದುರಿಸಿಕೊಳ್ಳುವುದನ್ನು ನನ್ನಿಂದ ಒಬ್ಬ ಮಾಲ್ದೀವಿಯನ್ ಸಹೋದ್ಯೋಗಿಯೂ ಕಲಿತಿದ್ದಾನೆ. ಮುಂದಿನ ಸಲ ತನಗೂ ಬೇಕೆಂದು ಹೇಳಿದ್ದಾನೆ. ಪೊಟ್ಟಣ ಬೇಕಾದವರು ಹಿಂದಿನ ದಿನವೇ ತಿಳಿಸಬೇಕು. ಸೋಮವಾರ ಒಲೆ ಹಚ್ಚುವುದಿಲ್ಲ.